ಏಳು ಕಡೆ ಒಂದೇ ಮಾತು

ಆ ಕಟ್ಟಡದಲ್ಲಿ ಅವಳನ್ನು ಎಲ್ಲರೂ ಸೀಲಮ್ಮ ಅಂತಲೇ ಕರೆಯುತ್ತಿದ್ದರು. ಕೆಳಗಿನ ಕನ್ನಡಕದ ಅಂಗಡಿಯವನು, ಎದುರು ಕೋಣೆಯ ವಕೀಲರ ಗುಮಾಸ್ತ, ಮೆಟ್ಟಿಲು ಗುಡಿಸುವ ಹೆಂಗಸು, ಎಲ್ಲರೂ. ಹೆತ್ತವರು ಇಟ್ಟ ಹೆಸರು ಬಾಗಿಲ ಮೇಲಿನ ಫಲಕದಲ್ಲಿತ್ತು, ಆದರೆ ಫಲಕ ಓದುವ ತಾಳ್ಮೆ ಯಾರಿಗಿದೆ? ಅವಳು ಕಾಗದದ ಮೇಲೆ ದುಂಡು ಮೊಹರು ಒತ್ತುವ ‘ಧಡ್’ ಶಬ್ದ ಮಾತ್ರ ಮೂರನೆಯ ಮಹಡಿಯವರೆಗೂ ಕೇಳುತ್ತಿತ್ತು. ಹೆಸರು ಅಲ್ಲಿಂದಲೇ ಹುಟ್ಟಿದ್ದು.

ಸೀಲಮ್ಮನ ಕಸುಬು ಸ್ಪ್ಯಾನಿಷ್ ಕಾಗದಗಳನ್ನು ಇಂಗ್ಲಿಷಿಗೆ ತರುವುದು. ಜನನ ಪತ್ರ, ಮದುವೆ ಪತ್ರ, ಅಂಕಪಟ್ಟಿ, ಹಡಗಿನ ಸರಕಿನ ಪಟ್ಟಿ, ಹೊಲಿಗೆ ಯಂತ್ರ ಬಿಚ್ಚಿ ಜೋಡಿಸುವ ಕೈಪಿಡಿ, ಏನು ಬಂದರೂ ಸೈ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬಂದರಿನ ಒಂದು ಕಚೇರಿಗೆ ಬೆರಳಚ್ಚುಗಾರ್ತಿಯಾಗಿ ಸೇರಿದವಳು, ತಾನು ಟೈಪ್ ಮಾಡುವ ಕಾಗದದಲ್ಲಿ ಏನಿದೆ ಅಂತ ತನಗೇ ಗೊತ್ತಿಲ್ಲವಲ್ಲ ಎಂದು ರೇಗಿಕೊಂಡು ಸಂಜೆ ಪಾಠಕ್ಕೆ ಸೇರಿದಳು. ಬೇರೆಯವರಿಗೆ ಗೊತ್ತಿದ್ದದ್ದು ತನಗೆ ಗೊತ್ತಿಲ್ಲದಿದ್ದರೆ ಅವಳಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ. ಈ ಗುಣ ಅವಳಿಗೆ ಅನ್ನ ಕೊಟ್ಟಿತು. ಮುಂದೆ ಬೇರೆಯವರ ಅನ್ನದ ಪಾತ್ರೆಗೂ ಕೈ ಹಾಕಿಸಿತು, ಅದನ್ನು ಆಮೇಲೆ ಹೇಳೋಣ.

ಸಂಜೆ ಪಾಠ ಹೇಳಿದ ಮೇಷ್ಟ್ರೇ ಈಗ ಕಚೇರಿಯಲ್ಲಿ ಅವಳ ಜೊತೆಗಾರ. ವಯಸ್ಸು ಎಪ್ಪತ್ತೆಂಟು, ಕಣ್ಣಿಗೆ ಪೊರೆ, ಕಿವಿ ಮಾತ್ರ ಬಲು ಚುರುಕು. ಅವರು ತಂದ ಒಂದು ಕಟ್ಟುಪಾಡಿತ್ತು. ಅನುವಾದ ಮುಗಿದ ಮೇಲೆ, ಮೊಹರು ಒತ್ತುವ ಮೊದಲು, ಸೀಲಮ್ಮ ಅದನ್ನು ಅವರ ಮುಂದೆ ಗಟ್ಟಿಯಾಗಿ ಓದಬೇಕು. ಮೂಲದಲ್ಲಿ ಏನಿದೆ ಎಂಬ ಸುಳಿವೂ ಕೊಡಬಾರದು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, ಅದರಲ್ಲಿ ಏನು ನಡೆಯಿತು ಎಂಬುದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಅವರು ಹೇಳಿದ್ದು ಮೂಲಕ್ಕೆ ಹೊಂದಿದರೆ ಮೊಹರು, ಇಲ್ಲವಾದರೆ ಅನುವಾದ ಕಸದ ಬುಟ್ಟಿಗೆ. ಇದಕ್ಕೆ ಇಬ್ಬರೂ ‘ಕೇಳಿಸುವುದು’ ಅನ್ನುತ್ತಿದ್ದರು. ಒಮ್ಮೆ ನೀರೆತ್ತುವ ಪಂಪಿನ ಕೈಪಿಡಿ ಕೇಳಿಸಿದಾಗ ಮೇಷ್ಟ್ರು, “ನೀನು ಓದಿದ ಹಾಗೆ ಮಾಡಿದ್ರೆ ನೀರು ಬರಲ್ಲ ಕಣಮ್ಮ, ಕೈ ಹೋಗತ್ತೆ,” ಅಂದಿದ್ದರು. ತಿರುಗಿ ನೋಡಿದರೆ ಅವಳು ಒಂದು ಸಾಲನ್ನೇ ನುಂಗಿದ್ದಳು.

ಈ ಕಟ್ಟುಪಾಡಿನಲ್ಲಿ ಒಂದೇ ಒಂದು ತೂತಿತ್ತು. ಮೂಲ ಗೊತ್ತಿರುವುದು ಅವಳೊಬ್ಬಳಿಗೆ. ಮೇಷ್ಟ್ರು ಹೇಳಿದ್ದು ಹೊಂದಿತೋ ಇಲ್ಲವೋ ಎಂದು ತೀರ್ಮಾನಿಸುವವಳೂ ಅವಳೇ. ಹದಿನಾರು ವರ್ಷ ಆ ತೂತಿನ ಕಡೆ ಇಬ್ಬರಲ್ಲಿ ಯಾರೂ ನೋಡಿರಲಿಲ್ಲ.

ಒಂದು ಸೋಮವಾರ ಒಬ್ಬ ಹೆಂಗಸು ಬಂದಳು. ದೊಡ್ಡ ಹೋಟೆಲೊಂದರಲ್ಲಿ ಹೊದಿಕೆ, ದಿಂಬಿನ ಚೀಲ ಇಸ್ತ್ರಿ ಮಾಡುವವಳು; ಮುಂಗೈ ತುಂಬ ಬಿಸಿ ತಾಕಿದ ಕಲೆಗಳು. ಸ್ಪ್ಯಾನಿಷ್ ಬಿಟ್ಟು ಬೇರೆ ಭಾಷೆ ಹೆಚ್ಚು ಬಾರದು. ಹಡಗಿನ ಮೆಕ್ಯಾನಿಕ್ ಆಗಿದ್ದ ಗಂಡನ ಜೊತೆ ಈ ಊರಿಗೆ ಬಂದು ನೆಲೆಸಿದ್ದಳು. ಎರಡು ವರ್ಷದ ಹಿಂದೆ ಗಂಡ ತೀರಿಕೊಂಡ. ದುಃಖಕ್ಕೆ ಜೊತೆಯಾಗಿ ಒಂದು ವಾರ ಇದ್ದು ಹೋಗುತ್ತೇನೆಂದು ಬಂದ ಗಂಡನ ಅಕ್ಕ ಹೋಗಲೇ ಇಲ್ಲ. ಕೊನೆಗೆ ಮನೆ ಬಿಟ್ಟು ಬಾಡಿಗೆ ಕೋಣೆ ಸೇರಿದವಳು ಇವಳೇ. ಆರು ವರ್ಷದ ಮಗಳು ಆ ಅತ್ತೆಯ ಹತ್ತಿರವೇ ಉಳಿದಳು. ಮಗು ಯಾರ ಹತ್ತಿರ ಇರಬೇಕು ಎಂದು ಗುರುವಾರ ಹನ್ನೊಂದು ಗಂಟೆಗೆ ನ್ಯಾಯಾಧೀಶರು ಹೇಳಲಿದ್ದರು. ಅವರಿಗೆ ಸ್ಪ್ಯಾನಿಷ್ ಬಾರದು. ತಾಯಿ ನಾಲ್ಕು ಹಾಳೆ ತುಂಬ ಬರೆದ ಹೇಳಿಕೆ ಅವರ ಕಣ್ಣಿಗೆ ಬೀಳುವುದು ಸೀಲಮ್ಮನ ಇಂಗ್ಲಿಷಿನಲ್ಲಿ ಮಾತ್ರ.

ಆ ಹೇಳಿಕೆಯಲ್ಲಿ ಒಂದು ಕ್ರಿಯಾಪದ ಮತ್ತೆ ಮತ್ತೆ ಬರುತ್ತಿತ್ತು: ಅಪೊದೆರಾರ್ಸೆ. ಸೈನ್ಯ ಅರಮನೆಗೆ ನುಗ್ಗಿ ಅಧಿಕಾರ ಹಿಡಿದರೆ ಸ್ಪ್ಯಾನಿಷ್ ಪತ್ರಿಕೆಗಳು ಬರೆಯುವ ಪದ ಅದು. ಭಯ ಒಬ್ಬನ ಮೈಯನ್ನೆಲ್ಲ ಹಿಡಿದುಕೊಂಡರೂ ಅದೇ ಪದ. ತನ್ನದಲ್ಲದ್ದನ್ನು ತನ್ನ ಕೈಕೆಳಗೆ ತಂದುಕೊಳ್ಳುವುದು ಎಂಬುದು ಅದರ ತಿರುಳು. ಇಸ್ತ್ರಿಯವಳು ಹೀಗೆ ಬರೆದಿದ್ದಳು: ಅವಳು ನನ್ನ ಅಡುಗೆಮನೆಯನ್ನು ವಶ ಮಾಡಿಕೊಂಡಳು. ನನ್ನ ಬೀರುವನ್ನು ವಶ ಮಾಡಿಕೊಂಡಳು. ನನಗೆ ಬರುವ ಕಾಗದಗಳನ್ನು ವಶ ಮಾಡಿಕೊಂಡಳು. ಆಮೇಲೆ ಮಗಳ ಬೆಳಗುಗಳನ್ನು ವಶ ಮಾಡಿಕೊಂಡಳು, ಮಗಳ ಶಾಲೆಯನ್ನು ವಶ ಮಾಡಿಕೊಂಡಳು, ಮಗಳ ಜ್ವರವನ್ನು ವಶ ಮಾಡಿಕೊಂಡಳು. ಹಣೆ ಮುಟ್ಟಲು ಹೋದರೆ ‘ಎಬ್ಬಿಸಬೇಡ’ ಅನ್ನುತ್ತಿದ್ದಳು. ಕೊನೆಗೆ ನನ್ನ ಮಗಳನ್ನೇ ವಶ ಮಾಡಿಕೊಂಡಳು. ನನ್ನ ಮೇಲೆ ಯಾವತ್ತೂ ಕೈ ಮಾಡಲಿಲ್ಲ, ದನಿ ಕೂಡ ಎತ್ತಲಿಲ್ಲ.

ಸೀಲಮ್ಮ ಪೆನ್ಸಿಲ್ ಕೆಳಗಿಟ್ಟು ಎದ್ದು ನೀರು ಕುಡಿದು ಬಂದಳು. ಮತ್ತೆ ಕೂತಳು. ಮತ್ತೆ ಎದ್ದು ಕಿಟಕಿ ತೆರೆದಳು, ಸದ್ದು ಜಾಸ್ತಿಯಾಯಿತೆಂದು ಮುಚ್ಚಿದಳು.

ಮೊದಲು ‘ಸೀಸ್ಡ್’ ಎಂದು ಬರೆದಳು. ಪೊಲೀಸರು ಕಳ್ಳಮಾಲು ಜಪ್ತಿ ಮಾಡಿದ ಹಾಗಾಯಿತು. ಎದುರಾಳಿ ವಕೀಲ ಎದ್ದು ನಿಂತು, ಅಡುಗೆಮನೆಗೆ ಬಂದೂಕು ಹಿಡಿದು ಬಂದಿದ್ದರೇ ಎಂದು ಕೇಳಿದರೆ ಮುಗಿಯಿತು. ಹೊಡೆದು ಹಾಕಿದಳು. ಅಷ್ಟು ಮಾಡಿದ್ದು ಸರಿಯೇ. ಆಮೇಲೆ ಮಾಡಿದ್ದು ಸರಿಯಲ್ಲ. ಅಡುಗೆಮನೆಯ ಕಡೆ ‘ಜವಾಬ್ದಾರಿ ವಹಿಸಿಕೊಂಡಳು’ ಎಂಬರ್ಥದ ಇಂಗ್ಲಿಷ್ ಬರೆದಳು. ಬೀರುವಿನ ಕಡೆ ‘ಅಚ್ಚುಕಟ್ಟು ಮಾಡಿದಳು’. ಕಾಗದಗಳಿಗೆ ‘ವಿಲೇವಾರಿ ನೋಡಿಕೊಂಡಳು’. ಬೆಳಗಿಗೆ ಒಂದು, ಶಾಲೆಗೆ ಇನ್ನೊಂದು, ಜ್ವರಕ್ಕೆ ‘ಆರೈಕೆ ಮಾಡಿದಳು’, ಮಗಳಿಗೆ ‘ತನ್ನ ಮಗುವಂತೆ ಬೆಳೆಸಿದಳು’. ಒಂದೇ ಪದ ಏಳು ಸಲ ಬಂದರೆ ಇಂಗ್ಲಿಷಿನಲ್ಲಿ ಚೆನ್ನಾಗಿರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಇಂಗ್ಲಿಷ್ ಏನೋ ಚೆನ್ನಾಗಿಯೇ ಬಂತು. ಅದರೊಳಗಿದ್ದ ತಾಯಿ ಮಾತ್ರ ಕಾಣೆಯಾದಳು.

ಸುತ್ತಿ ಬಳಸುವುದು ಬೇಡ, ನೇರವಾಗಿ ಹೇಳಿಬಿಡೋಣ. ಸೀಲಮ್ಮ ಆ ಗಂಡನ ಅಕ್ಕನ ಪರವಾಗಿ ವಕಾಲತ್ತು ವಹಿಸಿದ್ದಳು. ಯಾಕೆಂದರೆ ತನ್ನ ಮನೆಯಲ್ಲಿ ಅವಳೇ ಆ ಗಂಡನ ಅಕ್ಕ.

ಎಂಟು ವರ್ಷದ ಹಿಂದೆ ತಮ್ಮನ ಹೆಂಡತಿಗೆ ಹೆರಿಗೆ ಕಷ್ಟವಾಗಿ, ಅವಳು ನಾಲ್ಕು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಸೀಲಮ್ಮನ ಮದುವೆ ಎರಡು ವರ್ಷಕ್ಕೇ ಮುರಿದು ಬಿದ್ದು ಬಹಳ ಕಾಲವಾಗಿತ್ತು, ಕಟ್ಟಿಹಾಕುವ ಸಂಸಾರವಿರಲಿಲ್ಲ. ಒಂದು ಸೂಟ್‌ಕೇಸ್ ಹಿಡಿದು ಬಂದಳು. ಕೂಸಿಗೆ ಹಾಲು, ಬಾಣಂತಿಗೆ ಔಷಧಿ, ತಮ್ಮನಿಗೆ ಊಟ, ನಡುವೆ ಕಚೇರಿ. ಅವಳಿಲ್ಲದಿದ್ದರೆ ಆ ಮನೆ ನಿಲ್ಲುತ್ತಿರಲಿಲ್ಲ, ಇದರಲ್ಲಿ ಸುಳ್ಳಿಲ್ಲ. ಐದನೆಯ ತಿಂಗಳು ತಮ್ಮನ ಹೆಂಡತಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ನೋಡಿದರೆ ಡಬ್ಬಗಳೆಲ್ಲ ಜಾಗ ಬದಲಾಯಿಸಿದ್ದವು. ಪ್ರತಿಯೊಂದರ ಮೇಲೂ ಸೀಲಮ್ಮನ ದುಂಡು ಅಕ್ಷರದ ಚೀಟಿ. “ಅಕ್ಕ, ಸಕ್ಕರೆ ಎಲ್ಲಿದೆ?” ಎಂದು ಆವತ್ತು ಕೇಳಿದವಳು ಇವತ್ತಿನವರೆಗೂ ಏನಾದರೊಂದು ಕೇಳುತ್ತಲೇ ಇದ್ದಳು. ಸೀಲಮ್ಮ ಅದನ್ನು ಗೌರವ ಅಂದುಕೊಂಡಿದ್ದಳು.

ಮಂಗಳವಾರ ಮೇಷ್ಟ್ರಿಗೆ ಕೇಳಿಸಿದಳು. ಅವರು ಕಣ್ಣು ಮುಚ್ಚಿ, ಗಲ್ಲಕ್ಕೆ ಕೈ ಕೊಟ್ಟು ಕೇಳಿದರು.

“ಪುಣ್ಯಾತ್ಗಿತ್ತಿ ಕಣಮ್ಮ ಆ ಗಂಡನ ಅಕ್ಕ,” ಅಂದರು. “ಸತ್ತ ತಮ್ಮನ ಸಂಸಾರಾನೆಲ್ಲ ತಲೆ ಮೇಲೆ ಹೊತ್ಕೊಂಡಿದ್ದಾಳೆ. ಆ ತಾಯಿ ಯಾಕೆ ಕೋರ್ಟಿಗೆ ಹೋಗ್ತಿದ್ದಾಳೆ, ಅದೇ ನಂಗೆ ಅರ್ಥ ಆಗ್ಲಿಲ್ಲ. ಹೊಂದ್ತಾ?”

ಸೀಲಮ್ಮನ ಎದೆಯಲ್ಲಿ ಏನೋ ತಣ್ಣಗಾಯಿತು. ಯಾರೋ ತನ್ನನ್ನೇ ಹೊಗಳಿದ ಹಾಗೆ. ಎಂಟು ವರ್ಷದಲ್ಲಿ ಯಾರೂ ಆ ಮಾತು ಅಂದಿರಲಿಲ್ಲ.

“ಹೊಂದ್ತು ಮೇಷ್ಟ್ರೇ,” ಅಂದಳು. ಧಡ್.

ಆ ಶಬ್ದದ ನಂತರ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಜೋಡಿಸಿದ್ದ ಫೈಲುಗಳನ್ನೇ ಇನ್ನೊಮ್ಮೆ ಜೋಡಿಸಿದಳು. ಮೊಹರಿನ ಮಸಿ ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು. “ಏನಮ್ಮ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀಯ?” ಎಂದು ಮೇಷ್ಟ್ರು ಕೇಳಿದರೆ ಸೆಖೆ ಅಂದಳು. ಹೊರಗೆ ತಂಪಾದ ಗಾಳಿ ಬೀಸುತ್ತಿತ್ತು.

ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಸ್ತ್ರಿಯವಳು ಓಡುತ್ತ ಬಂದಳು. ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತನ್ನ ಭಾಷೆಯಲ್ಲಿ ಕೇಳಿದಳು:

“ಮೇಡಂ, ಆ ಪದ ಎಲ್ಲಿದೆ? ಬೆರಳಿಟ್ಟು ತೋರಿಸಿ. ನಾನು ಏಳು ಸಲ ಬರೆದಿದ್ದೀನಿ, ಎಣಿಸಿ ಬರೆದಿದ್ದೀನಿ. ನಾಳೆ ವಕೀಲರು ಓದುವಾಗ ಆ ಜಾಗ ಬಂತು ಅಂತ ನನಗೆ ಗೊತ್ತಾಗ್ಬೇಕು. ಆಗ ನಾನು ತಲೆ ಎತ್ತಿ ಕೂತ್ಕೊಳ್ತೀನಿ. ಇಷ್ಟು ದಿನ ತಗ್ಗಿಸಿದ್ದು ಸಾಕು.”

ಸೀಲಮ್ಮನ ಬೆರಳು ಕಾಗದದ ಮೇಲೆ ಏಳು ಕಡೆ ನಿಂತು ನಿಂತು ಇಳಿಯಿತು. ಇಸ್ತ್ರಿಯವಳು ಪ್ರತಿ ಜಾಗವನ್ನೂ ಬಗ್ಗಿ ನೋಡಿದಳು. ಇಂಗ್ಲಿಷ್ ಓದಲು ಬಾರದಿದ್ದರೂ ಕಣ್ಣಿತ್ತಲ್ಲ.

“ಇವು ಒಂದೇ ಥರ ಕಾಣ್ತಿಲ್ವಲ್ಲ?”

“ಇಂಗ್ಲಿಷ್ ಹಾಗೇನೇ,” ಅಂದಳು ಸೀಲಮ್ಮ.

“ಓ,” ಅಂದಳು ಅವಳು. ನಂಬಿದಳು. ಕಾಗದವನ್ನು ಇಸ್ತ್ರಿ ಮಾಡಿದ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ, ಮೂರು ಸಲ ಥ್ಯಾಂಕ್ಸ್ ಹೇಳಿ ಮೆಟ್ಟಿಲಿಳಿದು ಹೋದಳು. ಸೀಲಮ್ಮನಿಗೆ ನಾಚಿಕೆಯಾಯಿತು, ಕಿವಿಯವರೆಗೂ ಬಿಸಿ ಏರುವಂಥ ನಾಚಿಕೆ. ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ.

ಸಂಜೆ ಮನೆಗೆ ಬಂದರೆ ತಮ್ಮನ ಹೆಂಡತಿ ಒಲೆಯ ಮುಂದೆ ನಿಂತಿದ್ದಳು. “ಅಕ್ಕ, ಈ ದೊಡ್ಡ ಪಾತ್ರೆ ತಗೊಳ್ಲಾ?” ಅಂದಳು. ದಿನವೂ ಕೇಳುವ ಮಾತೇ. ಆದರೆ ಆವತ್ತು ಸೀಲಮ್ಮ ಅದನ್ನು ಮೇಷ್ಟ್ರ ಹಾಗೆ, ಹಿಂದುಮುಂದು ಗೊತ್ತಿಲ್ಲದವಳ ಹಾಗೆ ಕೇಳಿಸಿಕೊಂಡಳು. ಒಬ್ಬ ಹೆಂಗಸು ತನ್ನ ಮನೆಯ ಪಾತ್ರೆ ಮುಟ್ಟಲು ಇನ್ನೊಬ್ಬಳ ಅಪ್ಪಣೆ ಕೇಳುತ್ತಿದ್ದಾಳೆ. ಅಷ್ಟೇ ಕೇಳಿಸಿತು, ಬೇರೇನೂ ಇಲ್ಲ.

ಅಷ್ಟರಲ್ಲಿ ತಮ್ಮನ ಮಗಳು ಅಳುತ್ತ ಒಳಗೆ ಬಂದಳು. ಆಡುವಾಗ ಬಿದ್ದು ಮೊಣಕಾಲು ತರಚಿತ್ತು. ಬಾಗಿಲಿಗೆ ಹತ್ತಿರವಿದ್ದವಳು ತಾಯಿ. ಅವಳು ಕೈ ಚಾಚಿದಳು. ಮಗು ಆ ಕೈಯ ಪಕ್ಕದಿಂದ ಹಾದು ನೇರ ಅತ್ತೆಯ ಹತ್ತಿರ ಬಂತು. ಚಾಚಿದ ಕೈ ಒಂದು ಕ್ಷಣ ಹಾಗೇ ಇದ್ದು, ಆಮೇಲೆ ಏನೋ ನೆನಪಾದಂತೆ ಒರೆಸುವ ಬಟ್ಟೆ ಎತ್ತಿಕೊಂಡು ಒದ್ದೆಯೇ ಇಲ್ಲದ ಕಟ್ಟೆಯನ್ನು ಒರೆಸಿತು. ಇದು ಎಷ್ಟನೆಯ ಸಲವೋ? ಸೀಲಮ್ಮ ನೋಡಿದ್ದು ಇದೇ ಮೊದಲು.

ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಎದ್ದಳು. “ಹುಷಾರಿಲ್ವಾ ಅಕ್ಕ?” ಎಂದು ತಮ್ಮ ಕೇಳಿದ. “ಕೆಲಸ ಕೆಟ್ಟಿದೆ,” ಅಂದಳು.

ಮೊಹರು ಒತ್ತಿದ ಅನುವಾದವನ್ನು ಹಿಂದಕ್ಕೆ ಪಡೆಯುವುದು ಹುಡುಗಾಟವಲ್ಲ. ಕಾರಣ ಬರೆದು ಸಹಿ ಹಾಕಿ ನ್ಯಾಯಾಲಯಕ್ಕೆ ಕೊಡಬೇಕು. ಅದರ ಪ್ರತಿ ಪರವಾನಗಿ ಕೊಟ್ಟ ಕಚೇರಿಗೆ ಹೋಗುತ್ತದೆ. ಅವರು ವಿಚಾರಣೆ ಮುಗಿಸುವವರೆಗೆ ಮೊಹರು ಅವರ ಕಪಾಟಿನಲ್ಲಿ. ತಿಂಗಳಾಗಬಹುದು, ವರ್ಷವೂ ಆಗಬಹುದು. ಮೊಹರಿಲ್ಲದ ಸೀಲಮ್ಮನನ್ನು ಜನ ಏನಂತ ಕರೆಯುತ್ತಾರೆ? ಇದನ್ನೆಲ್ಲ ಯೋಚಿಸಿಯೇ ಅವಳು ಬೆಳಕು ಹರಿಯುವ ಹೊತ್ತಿಗೆ ಊಟದ ಮೇಜಿನ ಮೇಲೆ ನಾಲ್ಕು ಹಾಳೆ ಹರಡಿಕೊಂಡು ಕೂತದ್ದು. ಈ ಸಲ ಪದ ಹುಡುಕಲು ಹೊತ್ತು ಹಿಡಿಯಲಿಲ್ಲ. ‘ಟುಕ್ ಕಂಟ್ರೋಲ್ ಆಫ್.’ ತನ್ನ ಹಿಡಿತಕ್ಕೆ ತೆಗೆದುಕೊಂಡಳು. ಬಂದೂಕು ಇಲ್ಲ, ಬೆಣ್ಣೆಯೂ ಇಲ್ಲ. ಅಡುಗೆಮನೆಗೆ ಅದೇ, ಬೀರುವಿಗೆ ಅದೇ, ಜ್ವರಕ್ಕೂ ಅದೇ. ಏಳು ಕಡೆ ಒಂದೇ ಮಾತು.

ಆರೂವರೆಗೆ ಮೇಷ್ಟ್ರ ಮನೆ ಬಾಗಿಲು ಬಡಿದಳು. ಅವರು ಬನಿಯನ್ನಿನಲ್ಲಿ, ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡು ಬಂದರು.

“ಕ್ಷೌರ ಅರ್ಧಕ್ಕೆ ನಿಲ್ಸೋ ಅಂಥದ್ದೇನಮ್ಮ?”

“ಒಂದು ಕೇಳಿಸ್ಬೇಕು.”

ನಿಂತಲ್ಲೇ ಓದಿದಳು. ಮೇಷ್ಟ್ರು ಕಣ್ಣು ಮುಚ್ಚಿದರು. ನಾಲ್ಕನೆಯ ಸಲ ಆ ಮಾತು ಬಂದಾಗ ಅವರ ಹುಬ್ಬು ಗಂಟಿಕ್ಕಿತು. ಮುಗಿದ ಮೇಲೆ ಹೇಳಿದರು:

“ಯಾರೂ ಹೊಡೆದಿಲ್ಲ, ಬೈದಿಲ್ಲ. ಆದ್ರೆ ಆ ತಾಯಿಗೆ ತನ್ನ ಮನೇಲಿ ಕೂರೋಕೆ ಒಂದು ಮೂಲೆ ಉಳಿದಿಲ್ಲ.” ಆಮೇಲೆ ಕಣ್ಣು ತೆರೆದರು. “ಇದು ಮೊನ್ನೆ ಕೇಳಿದ್ದೇ ಅಲ್ವಾ?”

“ಹೂಂ.”

“ಮೊನ್ನೆ ಹೊಂದ್ತು ಅಂದ್ಯಲ್ಲ?”

“ಸುಳ್ಳು ಹೇಳ್ದೆ ಮೇಷ್ಟ್ರೇ.”

“ಯಾರಿಗೋಸ್ಕರ?”

“ನನಗೋಸ್ಕರ.”

ಮೇಷ್ಟ್ರು ಬೈಯುತ್ತಾರೆ ಅಂದುಕೊಂಡಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಒಣಗುತ್ತಿದ್ದ ನೊರೆಯನ್ನು ಅಂಗೈಯಿಂದ ಒರೆಸಿಕೊಂಡರು. “ಹದಿನಾರು ವರ್ಷ ನಾನು ಕಣ್ಣು ಮುಚ್ಚಿ ಕೂತಿದ್ದು ನಿನ್ನ ನಂಬಿ,” ಅಂದರು. “ಹೋಗು, ಮೊಹರು ಒತ್ತಿ ಹನ್ನೊಂದರ ಒಳಗೆ ಮುಟ್ಸು. ಮಿಕ್ಕಿದ್ದು ಆಮೇಲೆ.”

ನ್ಯಾಯಾಲಯದ ಮೊಗಸಾಲೆಯಲ್ಲಿ ಇಸ್ತ್ರಿಯವಳ ವಕೀಲೆ, ಚಿಕ್ಕ ವಯಸ್ಸಿನವಳು, ಗಡಿಯಾರ ನೋಡಿ ಸಿಡುಕಿದಳು. “ಈಗ ಬಂದು ಬದಲಾಯಿಸಿ ಅಂದ್ರೆ ಏನರ್ಥ? ತಪ್ಪು ಎಲ್ಲಾಗಿದೆ?” ಸೀಲಮ್ಮ ಬೆಂಚಿನ ಮೇಲೆ ಕೂತು, ತೊಡೆಯ ಮೇಲೆ ಫೈಲಿಟ್ಟುಕೊಂಡು, ಕಾರಣ ಬರೆದಳು: ಮೊದಲ ಅನುವಾದದಲ್ಲಿ ಏಳು ಕಡೆ ಮೂಲದ ಮಾತನ್ನು ಮೆದುಗೊಳಿಸಿದ್ದೇನೆ, ಭಾಷೆ ತಿಳಿಯದೆ ಅಲ್ಲ, ತಿಳಿದೇ. ಅದನ್ನು ಓದಿದ ಕೋರ್ಟಿನ ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. “ಹೀಗೆ ಬರೆದ್ರೆ ನಿಮಗೇ ತೊಂದರೆ ಕಣಮ್ಮ. ಕೈತಪ್ಪಿಂದ ಅಂತ ಬರೀರಿ.” “ಬೇಡ, ಇರೋದು ಇರ್ಲಿ,” ಅಂದಳು.

ಇಸ್ತ್ರಿಯವಳು ಹೊಸ ಹಾಳೆಗಳನ್ನು ಹಿಡಿದು ಬೆರಳಾಡಿಸಿದಳು. ಒಂದು, ಎರಡು, ಮೂರು. ಏಳೂ ಒಂದೇ ಥರ.

“ನಿನ್ನೆ ಇಂಗ್ಲಿಷ್ ಹಾಗೇನೇ ಅಂದ್ರಲ್ಲ?”

“ನಿನ್ನೆ ಸುಳ್ಳು ಹೇಳಿದೆ.”

ಅವಳು ಸೀಲಮ್ಮನ ಮುಖವನ್ನೇ ನೋಡಿದಳು. ಯಾಕೆಂದು ಕೇಳಲಿಲ್ಲ, ಪರವಾಗಿಲ್ಲ ಅನ್ನಲೂ ಇಲ್ಲ. “ಹೇಗೆ ಉಚ್ಚಾರ ಮಾಡೋದು ಹೇಳಿಕೊಡಿ,” ಅಂದಳು. ಬಾಗಿಲು ತೆರೆಯುವವರೆಗೂ ಇಬ್ಬರೂ ಬೆಂಚಿನ ಮೇಲೆ ಕೂತು ‘ಟುಕ್ ಕಂಟ್ರೋಲ್, ಟುಕ್ ಕಂಟ್ರೋಲ್’ ಎಂದು ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಹೇಳಿಕೊಂಡರು.

ಒಳಗೆ ಆ ಗಂಡನ ಅಕ್ಕ ಮೊದಲ ಸಾಲಿನಲ್ಲಿದ್ದಳು. ರಾಕ್ಷಸಿಯಲ್ಲ. ಐವತ್ತರ ಆಸುಪಾಸು, ಅಚ್ಚುಕಟ್ಟಾಗಿ ಬಾಚಿದ ನರೆಗೂದಲು, ತೊಡೆಯ ಮೇಲೆ ಮಗುವಿನ ಕೆಂಪು ನೀರಿನ ಬಾಟಲಿ. ಬಾಟಲಿಯ ಮೇಲೆ ಮಗುವಿನ ಹೆಸರಿನ ಚೀಟಿ, ದುಂಡು ಅಕ್ಷರದಲ್ಲಿ. ಸೀಲಮ್ಮ ನೋಟ ತಪ್ಪಿಸಿಕೊಂಡು ಹಿಂದಿನ ಬೆಂಚಿಗೆ ಹೋದಳು.

ವಕೀಲೆ ಓದಿದಳು. ಏಳು ಸಲವೂ ಇಸ್ತ್ರಿಯವಳ ತಲೆ ಮೇಲೆದ್ದಿತು. ಓದು ಮುಗಿದ ಮೇಲೆ ನ್ಯಾಯಾಧೀಶರು ಆ ಅಕ್ಕನನ್ನು, ದುಭಾಷಿಯ ಮೂಲಕ, ಒಂದೇ ಪ್ರಶ್ನೆ ಕೇಳಿದರು. ಮಗುವಿಗೆ ಜ್ವರ ಬಂದಾಗ ತಾಯಿ ಹಣೆ ಮುಟ್ಟಬಾರದೆಂದು ಹೇಳಿದ್ದು ನಿಜವೇ? “ನಿಜ,” ಅಂದಳು ಅವಳು, ಇದರಲ್ಲಿ ಕೇಳುವಂಥದ್ದೇನಿದೆ ಎಂಬಂತೆ. “ಅವಳಿಗೆ ಗೊತ್ತಾಗಲ್ಲ. ಮುಟ್ಟಿದ್ರೆ ಮಗು ಎದ್ದುಬಿಡತ್ತೆ.”

ಮುಂದಿನ ಆದೇಶದವರೆಗೆ ಮಗು ತಾಯಿಯ ಹತ್ತಿರ ಇರಲಿ, ಶನಿವಾರದಿಂದ, ಅತ್ತೆ ಬಂದು ನೋಡಬಹುದು ಎಂದು ಆಯಿತು. ಇಸ್ತ್ರಿಯವಳು ಕಲೆ ತುಂಬಿದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆ ಅಕ್ಕ ಬಾಟಲಿ ಹಿಡಿದು ಎದ್ದು ನಿಂತಳು, ಅದನ್ನು ಈಗ ಯಾರ ಕೈಗೆ ಕೊಡಬೇಕೆಂದು ತಿಳಿಯದೆ. ಸೀಲಮ್ಮನಿಗೆ ಇಬ್ಬರನ್ನೂ ಕಂಡು ಅಳು ಬಂತು, ಅದರಲ್ಲಿ ಹೆಚ್ಚಿನ ಪಾಲು ಯಾರಿಗೆಂದು ಅವಳಿಗೇ ಹೊಳೆಯಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಏನೇನೋ ಲೆಕ್ಕ ಹಾಕಿದಳು. ಡಬ್ಬದ ಚೀಟಿಗಳನ್ನೆಲ್ಲ ಕಿತ್ತುಬಿಡಲೇ? ಬೇರೆ ಮನೆ ಮಾಡಲೇ? ತಮ್ಮನ ಹೆಂಡತಿಯ ಎದುರು ಕೂತು ಎಲ್ಲ ಹೇಳಿಬಿಡಲೇ? ಪ್ರತಿಯೊಂದು ಏರ್ಪಾಡನ್ನೂ ಮತ್ತೆ ತಾನೇ ಮಾಡಲು ಹೊರಟಿದ್ದೇನೆಂದು ಹೊಳೆದು, ನಡುಬೀದಿಯಲ್ಲಿ ನಿಂತು ತನ್ನ ಮೇಲೆ ತಾನೇ ರೇಗಿಕೊಂಡಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಳು, ಒಳಗೆ ಹೋಗಲಿಲ್ಲ. ತಮ್ಮನ ಹೆಂಡತಿ ಬೆನ್ನು ಹಾಕಿ ಏನೋ ಹೆಚ್ಚುತ್ತಿದ್ದಳು. ಮಗು ಮೊಣಕಾಲಿನ ಪಟ್ಟಿ ಕೆರೆದುಕೊಳ್ಳುತ್ತ ಬಂತು.

“ಅತ್ತೆ, ನಾಳೆ ಬಣ್ಣದ ಕ್ಲಾಸು. ಯಾವ ಅಂಗಿ ಹಾಕ್ಕೊಳ್ಳಲಿ?”

ಉತ್ತರ ಸೀಲಮ್ಮನ ನಾಲಿಗೆಯ ತುದಿಯಲ್ಲಿತ್ತು. ನುಂಗಿದಳು.

“ಅಮ್ಮನ್ನ ಕೇಳು.”

ಮಗು ಅತ್ತೆಯನ್ನೂ ಅಮ್ಮನ ಬೆನ್ನನ್ನೂ ನೋಡಿತು. “ಅಮ್ಮಂಗೆ ಗೊತ್ತಿರತ್ತಾ?”

ಹೆಚ್ಚುತ್ತಿದ್ದ ಕೈ ನಿಂತಿತು. ತಮ್ಮನ ಹೆಂಡತಿ ತಿರುಗಲಿಲ್ಲ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಎಂಟು ವರ್ಷದಿಂದ ಸಿದ್ಧವಾಗಿಟ್ಟುಕೊಂಡಿದ್ದ ಹಾಗೆ ಒಂದೇ ಉಸಿರಿಗೆ ಹೇಳಿದಳು:

“ಗೊತ್ತು. ಹಳೇ ನೀಲಿ ಅಂಗಿ. ಮೇಲಿನ ಖಾನೇಲಿ ಬಲಗಡೆ ಕೊನೇದು. ತೋಳು ಬಿಗಿಯಾಗಿದೆ ನಿಂಗೆ, ಹೊಲಿಗೆ ಬಿಚ್ಚಿ ಕೊಡ್ತೀನಿ, ತಗೊಂಡ್ ಬಾ.”

ಮಗು ಓಡಿತು. ಸೀಲಮ್ಮನ ನಾಲಿಗೆಯ ತುದಿಯಲ್ಲಿದ್ದದ್ದೂ ನೀಲಿ ಅಂಗಿಯೇ. ತೋಳು ಬಿಗಿಯಾಗಿದ್ದು ಅವಳಿಗೆ ಗೊತ್ತಿರಲಿಲ್ಲ.